ಹಳೆಮನೆಯ ಗೋಡೆಗೊಂದು ಗೊರಬು

ಮೇ ತಿಂಗಳ ಕೊನೆಯ ವಾರ, ಹತ್ತನಾವಧಿ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ, ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಮನೆಗಳಲ್ಲಿ ಹಿಂದೆ ಒಂದು ಕೆಲಸ ತಪ್ಪದೆ ನಡೆಯುತ್ತಿತ್ತು. ಹಿತ್ತಿಲಲ್ಲಿ ಕೂಡಿಟ್ಟ ತೆಂಗಿನ ಮಡಲುಗಳನ್ನು ನೀರಿನಲ್ಲಿ ನೆನೆಸಿ, ಸೀಳಿ, ಹೆಣೆದು ತಟ್ಟಿ ಮಾಡುತ್ತಿದ್ದರು. ಅದನ್ನು ಅಡಿಕೆ ದಬ್ಬೆಗೆ ಬಿಗಿದು, ಮನೆಯ ಪಡುವಣ ಮತ್ತು ತೆಂಕಣ ಗೋಡೆಗಳ ಹೊರಗೆ ಸೂರಿನಿಂದ ನೆಲದವರೆಗೆ ಇಳಿಬಿಡುತ್ತಿದ್ದರು. ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರು ಬೆನ್ನ ಮೇಲೆ ಗೊರಬು ಹಾಕಿಕೊಳ್ಳುವಂತೆ ಮನೆಯೂ ಮಳೆಗಾಲಕ್ಕೆ ಒಂದು ಗೊರಬು ಹೊದೆಯುತ್ತಿತ್ತು. ದೀಪಾವಳಿಯ ವೇಳೆಗೆ ತಟ್ಟಿ ಕಪ್ಪಾಗಿ, ಲಡ್ಡಾಗಿ, ಗೊಬ್ಬರದ ಗುಂಡಿಗೋ ಬಚ್ಚಲ ಒಲೆಗೋ ಹೋಗುತ್ತಿತ್ತು. ಅದರ ಹಿಂದಿನ ಗೋಡೆ ಮಾತ್ರ ಒಣಗಿಯೇ ಇರುತ್ತಿತ್ತು.

ಈಗ ಇಂಥ ತಟ್ಟಿ ಕಟ್ಟಿದ ಮನೆಗಳು ಅಪರೂಪ. ಅದರ ಬದಲಿಗೆ ಗೋಡೆಗೆ ಸಿಮೆಂಟಿನ ಗಾರೆ ಬಂದಿದೆ, ಗಾರೆಯ ಮೇಲೆ ಪ್ಲಾಸ್ಟಿಕ್ ಬಣ್ಣ ಬಂದಿದೆ, ಕೆಲವೆಡೆ ಜಗಲಿಯ ಎತ್ತರದವರೆಗೆ ನುಣುಪು ಟೈಲ್ಸ್ ಕೂಡ ಬಂದಿದೆ. ನೂರು ಮಳೆಗಾಲ ಕಂಡ ಗೋಡೆಗೆ ಇನ್ನು ನೂರು ವರ್ಷ ಚಿಂತೆಯಿಲ್ಲ ಎಂಬ ನಂಬಿಕೆಯಿಂದಲೇ ಮನೆಯವರು ಹಣ ಹಾಕಿ ಈ ಕೆಲಸ ಮಾಡಿಸುತ್ತಾರೆ. ಆದರೆ ಹತ್ತಿಪ್ಪತ್ತು ವರ್ಷ ಕಳೆಯುವುದರೊಳಗೆ ಅದೇ ಗೋಡೆ ಒಳಗಿನಿಂದ ಮೆತ್ತಗಾಗಿ, ಕಿಟಕಿಯ ದಾರಂದ ಕುಂಬಾಗಿ, ತೊಲೆಯ ತುದಿಗೆ ಗೆದ್ದಲು ಹತ್ತಿರುವುದನ್ನು ಎಷ್ಟೋ ಕಡೆ ಕಾಣಬಹುದು. ‘ಹಳೆಯ ಗೋಡೆ, ಆಯುಷ್ಯ ಮುಗಿಯಿತು’ ಎಂದು ಮನೆ ಕೆಡವುವ ಮಾತು ಬರುವುದು ಆಗಲೇ. ಗೋಡೆಯ ಆಯುಷ್ಯ ಮುಗಿದಿತ್ತೋ ಅಥವಾ ಅದಕ್ಕೆ ಹೊದಿಸಿದ ಹೊಸ ಹೊದಿಕೆಯೇ ಅದನ್ನು ಮುಗಿಸಿತೋ ಎಂಬುದು ಕೇಳಬೇಕಾದ ಪ್ರಶ್ನೆ.

ಮಳೆಯೇ ಮಾಡಿದ ಕಲ್ಲು

ಈ ಸೀಮೆಯ ಹಳೆಮನೆಗಳ ಗೋಡೆ ಬಹುಮಟ್ಟಿಗೆ ಎರಡು ಬಗೆ. ಒಂದು, ಕೆಮ್ಮಣ್ಣನ್ನು ಕಲಸಿ, ತುಳಿದು, ವರಸೆ ವರಸೆಯಾಗಿ ಏರಿಸಿದ ಮಣ್ಣಿನ ಗೋಡೆ. ಇನ್ನೊಂದು, ಮುರಕಲ್ಲು ಎಂದೂ ಕೆಂಪುಕಲ್ಲು ಎಂದೂ ಕರೆಯುವ ಕಲ್ಲನ್ನು ಮಣ್ಣಿನಲ್ಲೋ ಸುಣ್ಣದಲ್ಲೋ ಕೂರಿಸಿ ಕಟ್ಟಿದ ಗೋಡೆ. ಎರಡೂ ಒಂದೇ ನೆಲದ ಮಕ್ಕಳು.

ಮುರಕಲ್ಲಿಗೆ ವಿಜ್ಞಾನದಲ್ಲಿರುವ ಹೆಸರು ಲ್ಯಾಟರೈಟ್. ಆ ಹೆಸರನ್ನು ಇಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸುಲ್ತಾನನ ಪತನದ ನಂತರ ಕಂಪೆನಿ ಸರಕಾರದ ಆದೇಶದಂತೆ 1800–1801ರಲ್ಲಿ ಆತ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ. ಕೇರಳದ ಅಂಗಾಡಿಪುರಂ ಬಳಿ ಜನ ನೆಲವನ್ನೇ ಇಟ್ಟಿಗೆಯಂತೆ ಕಡಿದು ತೆಗೆಯುವುದನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅದಕ್ಕೆ ಹೆಸರು ಕಟ್ಟಿದ. ಅದೇ ಪ್ರವಾಸದಲ್ಲಿ ಆತ ಕುಂದಾಪುರ, ಬೈಂದೂರುಗಳ ದಾರಿಯಲ್ಲಿಯೂ ಹಾದುಹೋದ. ಅವನ ಪ್ರವಾಸದ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಈ ಕಲ್ಲು ಹುಟ್ಟಿದ್ದೇ ಮಳೆಯಿಂದ. ಲಕ್ಷಾಂತರ ವರ್ಷ ಸುರಿದ ಮಳೆ ಮೂಲ ಬಂಡೆಯೊಳಗಿನ ಕರಗುವ ಅಂಶಗಳನ್ನೆಲ್ಲ ತೊಳೆದು ಒಯ್ದಿತು. ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದು ಗಟ್ಟಿಯಾದವು. ಆದುದರಿಂದಲೇ ಆ ಕೆಂಪು ಬಣ್ಣ, ಆದುದರಿಂದಲೇ ಮೈತುಂಬ ತೂತು. ನೆಲದಿಂದ ಕಡಿಯುವಾಗ ಮೆದುವಾಗಿರುವ ಈ ಕಲ್ಲು ಗಾಳಿಗೆ, ಬಿಸಿಲಿಗೆ ಒಡ್ಡಿಕೊಂಡಂತೆ ಗಡುಸಾಗುತ್ತದೆ. ಚೆನ್ನಾಗಿ ಒಣಗಿದ ಕಲ್ಲು ತಲೆಮಾರುಗಟ್ಟಲೆ ಭಾರ ಹೊರಬಲ್ಲುದು. ಅದೇ ಕಲ್ಲನ್ನು ವರ್ಷಪೂರ್ತಿ ನೆನೆದೇ ಇರುವಂತೆ ಮಾಡಿದರೆ ಅದರ ಬಲ ಕುಗ್ಗುತ್ತದೆ, ಅಂಚು ಉದುರುತ್ತದೆ. ಅದನ್ನು ಹಿಡಿದಿಟ್ಟ ಮಣ್ಣಿನ ಗಾರೆಯಂತೂ ಕೆಸರಿಗೆ ತಿರುಗುತ್ತದೆ. ಒಟ್ಟಿನಲ್ಲಿ ಈ ಗೋಡೆಗಳಿಗೆ ನೀರು ಕುಡಿದದ್ದರಿಂದ ಅಪಾಯವಿಲ್ಲ. ಕುಡಿದ ನೀರು ಹೊರಗೆ ಹೋಗದಿದ್ದರೆ ಅಪಾಯ.

ಕುಂದಾಪುರ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4 ಸಾವಿರ ಮಿಲಿಮೀಟರ್ ಮಳೆ. ಅಂದರೆ ಅಂಗಳದ ಪ್ರತಿ ಚದರ ಮೀಟರಿನ ಮೇಲೂ 4 ಸಾವಿರ ಲೀಟರ್ ನೀರು. ಬೆಂಗಳೂರಿನ ವರ್ಷದ ಮಳೆ ಇದರ ಕಾಲು ಭಾಗದಷ್ಟೆ. ಈ ನೀರಿನ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ, ಅದೂ ಕಡಲ ಕಡೆಯಿಂದ ಬೀಸುವ ಗಾಳಿಯೊಂದಿಗೆ ಬೀಳುತ್ತದೆ. ಮರವಂತೆಯಂತೆ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಹೊಳೆ ಇರುವ ಕಡೆ ಮಳೆ ಮೇಲಿನಿಂದ ಬೀಳುವುದಕ್ಕಿಂತ ಅಡ್ಡಡ್ಡ ಬಂದು ಗೋಡೆಗೆ ಹೊಡೆಯುತ್ತದೆ ಎಂದರೆ ಹೆಚ್ಚಲ್ಲ. ಗಾಳಿಯ ಜತೆಗೆ ಉಪ್ಪಿನ ಅಂಶವೂ ಬರುತ್ತದೆ. ಆಗುಂಬೆ, ಕೊಲ್ಲೂರಿನ ಘಟ್ಟದ ಬುಡಕ್ಕೆ ಹೋದಂತೆ ಉಪ್ಪು ಕಡಿಮೆಯಾದರೂ ಮಳೆ ಇನ್ನೂ ಹೆಚ್ಚು.

ಹೊದಿಕೆಯ ಮೇಲೆ ಹೊದಿಕೆ

ಇಂಥ ಮಳೆಯ ಎದುರು ಹಿಂದಿನವರು ಒಂದೇ ಗಟ್ಟಿ ಕವಚವನ್ನು ನಂಬಲಿಲ್ಲ. ಒಂದರ ಹಿಂದೆ ಒಂದರಂತೆ ಹಲವು ಹೊದಿಕೆಗಳನ್ನು ಇಟ್ಟರು. ಎಲ್ಲಕ್ಕಿಂತ ಹೊರಗಿನದು ಮಾಡು. ಮುಳಿಹುಲ್ಲಿನ ಕಾಲದಲ್ಲಿ ಮಾಡಿನ ಅಂಚು ಎಷ್ಟು ತಗ್ಗಿಗೆ ಇಳಿಯುತ್ತಿತ್ತೆಂದರೆ ಮನೆಯೊಳಗೆ ಹೋಗುವವರು ತಲೆ ಬಗ್ಗಿಸಲೇಬೇಕಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮಾಡು ಬದಲಾಯಿತು. ಮುಂದೆ ಕುಂದಾಪುರದ ಹೊಳೆದಂಡೆಗಳಲ್ಲಿಯೂ ಹಂಚಿನ ಕಾರ್ಖಾನೆಗಳ ಚಿಮಣಿಗಳು ಎದ್ದವು. ಹಂಚು ಬೆಂಕಿಯ ಭಯವನ್ನು ಕಳೆಯಿತು, ವರ್ಷವರ್ಷ ಹುಲ್ಲು ಹೊದೆಸುವ ಕೆಲಸವನ್ನು ತಪ್ಪಿಸಿತು. ಆದರೆ ಹಂಚಿನ ಮನೆಯ ಗೋಡೆ ಎತ್ತರವಾಯಿತು, ಮಾಡಿನ ಅಂಚು ಮೇಲಕ್ಕೆ ಹೋಯಿತು. ಎರಚಲು ಮಳೆಗೆ ಗೋಡೆ ಹಿಂದಿಗಿಂತ ಹೆಚ್ಚು ಬಯಲಾಯಿತು. ತಟ್ಟಿಯ ಅಗತ್ಯ ಹಂಚಿನ ಮನೆಗೂ ಉಳಿದದ್ದು ಇದರಿಂದಲೇ.

ಎರಡನೆಯ ಹೊದಿಕೆ ಈ ತಟ್ಟಿ. ಅದು ಗೋಡೆಗೆ ಅಂಟಿಕೊಂಡಿರುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಗೋಡೆಗೂ ತಟ್ಟಿಗೂ ನಡುವೆ ಗೇಣು, ಎರಡು ಗೇಣು ಜಾಗ ಇರುತ್ತಿತ್ತು. ಮಳೆಯ ಹೊಡೆತವನ್ನು ತಟ್ಟಿ ತಡೆಯುತ್ತಿತ್ತು. ತಪ್ಪಿಸಿಕೊಂಡು ಒಳಬಂದ ಹನಿಯನ್ನು ನಡುವಿನ ಗಾಳಿ ಒಣಗಿಸುತ್ತಿತ್ತು. ಜಗತ್ತಿನ ಇನ್ನೊಂದು ತುದಿಯ ಮಳೆನಾಡಾದ ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ಮನೆಗಳಿಗೆ ಹೊರಗಿನಿಂದ ಮರದ ಹಲಗೆಯ ಹೊದಿಕೆ ಹಾಕುವುದುಂಟು. ಅಲ್ಲಿಯೂ ಹಲಗೆಗೂ ಗೋಡೆಗೂ ನಡುವೆ ಗಾಳಿಯಾಡಲು ಸಂದು ಬಿಡುತ್ತಾರೆ. ಅಮೆರಿಕದ ಮರದ ಮನೆಗಳ ಹೊರಹೊದಿಕೆಯನ್ನು ಬದಲಿಸುವಾಗಲೂ ಅಲ್ಲಿನ ತಿಳಿದವರು ಈ ಸಂದಿನ ಮಾತನ್ನೇ ಮೊದಲು ಎತ್ತುತ್ತಾರೆ. ಕುಂದಾಪುರದ ಹಿತ್ತಿಲ ಮಡಲು ಮತ್ತು ನಾರ್ವೆಯ ಹಲಗೆ ಒಂದೇ ತತ್ತ್ವದ ಎರಡು ರೂಪಗಳು.

ಮೂರನೆಯದು ಗೋಡೆಯ ಮೈಗೆ ಬಳಿದ ಲೇಪ. ಸಾಧಾರಣ ಮನೆಗಳಲ್ಲಿ ಕೆಮ್ಮಣ್ಣು, ಸಗಣಿ ಕಲಸಿದ ಸಾರಣೆ. ಮೇಲೆ ಶೇಡಿಯ ಬಿಳುಪು. ಅನುಕೂಲಸ್ಥರ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ಸುಣ್ಣದ ಗಾರೆ. ಈ ಲೇಪಗಳೆಲ್ಲ ಗೋಡೆಗಿಂತ ಮೆದು. ಮಳೆಗೆ ಸವೆಯುವುದು, ಬಿರಿಯುವುದು ಅವುಗಳ ಪಾಲಿನ ಕೆಲಸ. ಲೇಪ ಸವೆದರೆ ಮತ್ತೆ ಬಳಿಯಬಹುದು. ಗೋಡೆ ಸವೆದರೆ ಮತ್ತೆ ಕಟ್ಟಬೇಕಾಗುತ್ತದೆ. ತಟ್ಟಿಗೆ ಒಂದು ವರ್ಷ, ಶೇಡಿಗೆ ಒಂದೆರಡು ವರ್ಷ, ಸುಣ್ಣದ ಗಾರೆಗೆ ಕೆಲವು ದಶಕ, ಗೋಡೆಗೆ ಶತಮಾನ ಎಂದು ಆಯುಷ್ಯ ಹಂಚಿಕೆಯಾಗಿತ್ತು. ಹೊರಗಿನದು ಬೇಗ ಸಾಯಬೇಕು, ಒಳಗಿನದು ಬಾಳಬೇಕು ಎಂಬುದೇ ಆ ಹಂಚಿಕೆಯ ಸೂತ್ರ.

ಚಿಪ್ಪಿನ ಸುಣ್ಣ

ಸುಣ್ಣದ ಕಲ್ಲು ಸಿಗದ ಈ ಕರಾವಳಿಯಲ್ಲಿ ಸುಣ್ಣಕ್ಕೆ ಮೂಲ ಹೊಳೆಯ ಚಿಪ್ಪು. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಹೊಳೆಗಳು ಕಡಲು ಸೇರುವ ಗಂಗೊಳ್ಳಿಯಂಥ ಅಳಿವೆಗಳಲ್ಲಿ ಚಿಪ್ಪಿಗೆ ಕೊರತೆಯಿಲ್ಲ. ಮಾಂಸ ತೆಗೆದ ಚಿಪ್ಪನ್ನು ಇದ್ದಿಲಿನ ಜತೆ ಗೂಡಿನಲ್ಲಿ ಸುಟ್ಟರೆ, ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದಾಗ ಕೊತಕೊತ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಎಷ್ಟು ದಿನ ಕೊಳೆಹಾಕಿದರೆ ಅಷ್ಟು ನಯ. ಮರಳು ಸೇರಿಸಿ, ಅರೆದು, ಬೆಲ್ಲದ ನೀರಿನಂಥವನ್ನು ಕೂಡಿಸಿ ಗಾರೆ ಮಾಡುವ ಕ್ರಮ ದಕ್ಷಿಣ ಭಾರತದ ಉದ್ದಕ್ಕೂ ಇತ್ತು.

ಗೋಡೆಗೆ ಬಳಿದ ಮೇಲೆ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಚಿಪ್ಪಿನ ಮೂಲಗುಣಕ್ಕೆ ಮರಳುತ್ತದೆ. ಈ ಕೆಲಸ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತದೆ. ಹೀಗೆ ಗಟ್ಟಿಯಾದ ಸುಣ್ಣದ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿದಿರುತ್ತವೆ. ಮಳೆಗಾಲದಲ್ಲಿ ಗೋಡೆ ಹೀರಿದ ತೇವ ಬಿಸಿಲು ಬಂದಾಗ ಆವಿಯಾಗಿ ಈ ರಂಧ್ರಗಳ ಮೂಲಕವೇ ಹೊರಬೀಳುತ್ತದೆ. ಕೂದಲೆಳೆಯಷ್ಟು ಬಿರುಕು ಬಿಟ್ಟರೆ, ಒಳಗೆ ಉಳಿದ ಸುಣ್ಣ ನೀರಿನಲ್ಲಿ ಕರಗಿ ಬಿರುಕಿನ ಬಾಯಿಗೆ ಬಂದು ಕಟ್ಟಿಕೊಳ್ಳುವುದೂ ಉಂಟು.

ಗೋಡೆಯ ಹೊರಮೈ ಕೇವಲ ರಕ್ಷಣೆಗೆ ಮಾತ್ರ ಇದ್ದುದಲ್ಲ. ಗೋವೆಯಿಂದ ಉತ್ತರ ಕನ್ನಡ, ಉಡುಪಿಯವರೆಗಿನ ಕರಾವಳಿಯ ದೇವಸ್ಥಾನಗಳಲ್ಲಿ ಬೆಳೆದ ಕಾವಿ ಕಲೆಗೆ ಈ ಸುಣ್ಣದ ಗಾರೆಯೇ ಆಧಾರ. ಬಿಳಿಯ ಗಾರೆಯ ಮೇಲೆ ಕೆಮ್ಮಣ್ಣು ಬೆರೆಸಿದ ಸುಣ್ಣದ ಪದರ ಹಾಕಿ, ಹಸಿ ಇರುವಾಗಲೇ ಅದನ್ನು ಕೆರೆದು ತೆಗೆದರೆ ಕೆಂಪಿನ ನಡುವೆ ಬಿಳಿಯ ಚಿತ್ರ ಮೂಡುತ್ತದೆ. ಡಾ. ಕೃಷ್ಣಾನಂದ ಕಾಮತರು ಇದನ್ನು ಊರೂರು ಸುತ್ತಿ ದಾಖಲಿಸಿದರು. ಬ್ರಹ್ಮಾವರ ಸಮೀಪದ ಹಾವಂಜೆಯ ಕಲಾವಿದ ಡಾ. ಜನಾರ್ದನ ಹಾವಂಜೆ ಈಚಿನ ವರ್ಷಗಳಲ್ಲಿ ಅದನ್ನು ಮತ್ತೆ ಬಳಕೆಗೆ ತರುವ ಕೆಲಸದಲ್ಲಿದ್ದಾರೆ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗಾರೆ ಕೆತ್ತಿ ಸಿಮೆಂಟು ಬಳಿದಾಗ ಗೋಡೆಯ ಉಸಿರಿನ ಜತೆಗೆ ಇಂಥ ಚಿತ್ರಗಳೂ ಹೋಗುತ್ತವೆ.

ದುಡಿಮೆಯ ಲೆಕ್ಕ

ಹಳೆಯ ಕ್ರಮವನ್ನು ಹೊಗಳುವಾಗ ಒಂದು ಸಂಗತಿಯನ್ನು ಮರೆಯಬಾರದು. ಪ್ರತಿವರ್ಷ ಮಡಲು ಹೆಣೆದವರು ಯಾರು, ಸಾರಣೆ ಮಾಡಿದವರು ಯಾರು? ದೊಡ್ಡಮನೆಗಳ ಗೋಡೆಗಳನ್ನು ಕಾಪಾಡಿದ್ದು ಬಹುಮಟ್ಟಿಗೆ ಗೇಣಿ ಒಕ್ಕಲುಗಳ ಮತ್ತು ಮನೆಯ ಆಳುಗಳ ದುಡಿಮೆ. ಅವರ ಸ್ವಂತ ಮನೆಗಳ ಸಾರಣೆಯಾದರೋ ಅವರವರ ಮನೆಯ ಹೆಂಗಸರ ಪಾಲಿಗೆ ಬೀಳುತ್ತಿತ್ತು. 1974ರ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಬಂದು ಒಕ್ಕಲುಗಳು ತಾವು ಉಳುತ್ತಿದ್ದ ಭೂಮಿಗೆ ಒಡೆಯರಾದಾಗ ಈ ಹಳೆಯ ಏರ್ಪಾಡು ಮುರಿಯಿತು. ಮುರಿಯಬೇಕಾದದ್ದೇ ಮುರಿಯಿತು. ಆದರೆ ಗೇಣಿ ಅಕ್ಕಿಯೂ ಇಲ್ಲದ, ಕೆಲಸಕ್ಕೆ ಜನವೂ ಇಲ್ಲದ ದೊಡ್ಡಮನೆಗಳಿಗೆ ತಮ್ಮ ಗೋಡೆಗಳೇ ಹೊರೆಯಾದವು.

ಇದೇ ಕಾಲಕ್ಕೆ ಊರಿನ ಯುವಕರು ಮುಂಬಯಿ, ಬೆಂಗಳೂರುಗಳ ಹೋಟೆಲುಗಳತ್ತ ನಡೆದಿದ್ದರು. ಅಲ್ಲಿಂದ ಬಂದ ಹಣದಲ್ಲಿ ಊರಿನ ಮನೆಯನ್ನು ‘ಗಟ್ಟಿ’ ಮಾಡುವ ಆಸೆ ಹುಟ್ಟಿತು. ಹಣವಿದ್ದರೂ ಸಿಮೆಂಟು ಸುಲಭವಾಗಿ ಸಿಗುತ್ತಿರಲಿಲ್ಲ. 1914ರಿಂದ ಪೋರಬಂದರಿನಲ್ಲಿ ತಯಾರಾಗತೊಡಗಿದ್ದರೂ ಅದು ಬಹುಕಾಲ ಸರಕಾರದ ಹತೋಟಿಯಲ್ಲಿದ್ದ ಸರಕು, ಪರವಾನಗಿಗಾಗಿ ಅಲೆಯಬೇಕಿತ್ತು. ಈ ಹತೋಟಿ 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ತಿಯಾಗಿ ಹೋಯಿತು. ಅನಂತರ ಪೇಟೆಯ ಪ್ರತಿಯೊಂದು ಹಾರ್ಡ್‌ವೇರ್ ಅಂಗಡಿಯಲ್ಲಿಯೂ ಚೀಲಗಳು ಬಂದು ಕುಳಿತವು. ಸುಣ್ಣ ಅರೆಯುವ ಗಾಣ, ಚಿಪ್ಪು ಸುಡುವ ಗೂಡು ಮೂಲೆಗೆ ಸರಿದವು. ಒಮ್ಮೆ ಬಳಿದರೆ ಮತ್ತೆ ನೋಡಬೇಕಾಗಿಲ್ಲ ಎಂಬ ಭರವಸೆಯೇ ಸಿಮೆಂಟಿನ ದೊಡ್ಡ ಆಕರ್ಷಣೆ. ಮನೆಯಲ್ಲಿ ಜನ ಕಡಿಮೆಯಾದಷ್ಟೂ ಆ ಭರವಸೆ ಹೆಚ್ಚು ಬೇಕಾಯಿತು.

ಗೋಡೆಯೊಳಗೆ ನಡೆಯುವುದೇನು?

ಸಿಮೆಂಟು ಕೆಟ್ಟ ವಸ್ತುವೇನೂ ಅಲ್ಲ. ಕಾಂಕ್ರೀಟಿನ ಮನೆಗೆ, ಸಿಮೆಂಟಿನಲ್ಲೇ ಕಲ್ಲು ಕೂರಿಸಿ ಕಟ್ಟಿದ ಹೊಸ ಗೋಡೆಗೆ ಅದು ಹೊಂದುತ್ತದೆ. ತೊಂದರೆ ಇರುವುದು ಮೆದು ಗೋಡೆಗೆ ಗಡಸು ಹೊದಿಕೆ ಹೊದಿಸುವುದರಲ್ಲಿ. ಬಿಸಿಲಿಗೆ, ತೇವಕ್ಕೆ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ಮಣ್ಣಿನ ಗಾರೆಯ ಗೋಡೆ ಕಾಲಕಾಲಕ್ಕೆ ಅಲ್ಪಸ್ವಲ್ಪ ಕುಳಿತುಕೊಳ್ಳುವುದೂ ಸಹಜ. ಸುಣ್ಣ ಆ ಚಲನೆಗೆ ಬಾಗಿಕೊಡುತ್ತದೆ. ಸಿಮೆಂಟು ಬಾಗದೆ ಬಿರಿಯುತ್ತದೆ.

ಬಿರುಕಿನ ಮೂಲಕ ಮಳೆಯ ನೀರು ಒಳಗೆ ಹೋಗುವುದು ಸುಲಭ. ಹೊರಬರಲು ಮಾತ್ರ ಅದಕ್ಕೆ ದಾರಿಯಿಲ್ಲ. ನೆಲದಿಂದ ಏರುವ ತೇವವೂ ಅದಕ್ಕೆ ಕೂಡುತ್ತದೆ. ಹಿಂದೆ ಮೊಣಕಾಲೆತ್ತರಕ್ಕೆ ಬಂದು ಆವಿಯಾಗಿ ಹೋಗುತ್ತಿದ್ದ ಈ ತೇವ ಈಗ ದಾರಿ ಹುಡುಕುತ್ತ ಮೇಲೆ ಮೇಲೆ ಏರುತ್ತದೆ. ನೀರಿನೊಂದಿಗೆ ಬಂದ ಉಪ್ಪು ಗಾರೆಯ ಹಿಂಬದಿಯಲ್ಲಿ ಹರಳುಗಟ್ಟಿ ಗಾರೆಯನ್ನು ಗೋಡೆಯಿಂದ ದೂಡುತ್ತದೆ. ಹೊರಗಿನಿಂದ ನೋಡಿದರೆ ಬಣ್ಣ ಬಳಿದ ಗೋಡೆ ಚೆಂದವಾಗಿಯೇ ಕಾಣುತ್ತದೆ. ಬೆರಳಿನ ಗಂಟಿನಿಂದ ಬಡಿದರೆ ‘ಟೊಳ್’ ಎನ್ನುತ್ತದೆ. ಒದ್ದೆಯಾದ, ಬೆಳಕಿಲ್ಲದ ಆ ಟೊಳ್ಳು ಗೆದ್ದಲಿಗೆ ಹೇಳಿ ಮಾಡಿಸಿದ ದಾರಿ. ತೊಲೆ, ದಾರಂದಗಳ ಗೋಡೆಯೊಳಗಿನ ತುದಿ ಮೊದಲು ಹೋಗುವುದು ಹೀಗೆ. ಗಾರೆಯ ಮೇಲೆ ಬಳಿಯುವ ಪ್ಲಾಸ್ಟಿಕ್ ಬಣ್ಣ, ಅಂಟಿಸುವ ಟೈಲ್ಸು ಉಳಿದ ಒಂದಿಷ್ಟು ದಾರಿಯನ್ನೂ ಮುಚ್ಚುತ್ತವೆ.

ಈಚೆಗೆ ಬಂದ ಇನ್ನೊಂದು ವಾಡಿಕೆಯೂ ಗೋಡೆಗೆ ಒಳ್ಳೆಯದಲ್ಲ. ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಸುವಾಗ ಅಂಗಳದ ಮಟ್ಟ ಏರುತ್ತದೆ, ಜಗಲಿ ತಗ್ಗುತ್ತದೆ. ಸೂರಿನ ನೀರು ಮಣ್ಣಿಗೆ ಬಿದ್ದು ಇಂಗುವ ಬದಲು ಕಲ್ಲಿಗೆ ಬಡಿದು ಗೋಡೆಯ ಬುಡಕ್ಕೆ ಸಿಡಿಯುತ್ತದೆ.

ದೂರದ ಒಂದು ಉದಾಹರಣೆ

ಇದು ಕುಂದಾಪುರದ ಗೋಡೆಗಳಿಗೆ ಮಾತ್ರ ಬಂದ ಕಷ್ಟವಲ್ಲ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ರಾಂಚೋಸ್ ದೆ ತಾವೋಸ್ ಎಂಬ ಊರಿನಲ್ಲಿ ಹಸಿ ಇಟ್ಟಿಗೆಯಿಂದ ಕಟ್ಟಿದ ಸಂತ ಫ್ರಾನ್ಸಿಸರ ಹಳೆಯ ಇಗರ್ಜಿಯಿದೆ. ಊರವರು ಸೇರಿ ಅದರ ಹೊರಗೋಡೆಗೆ ಮಣ್ಣು ಮೆತ್ತುವುದು ಅಲ್ಲಿನ ಸಂಪ್ರದಾಯ. ಈ ಶ್ರಮ ತಪ್ಪಲಿ ಎಂದು 1967ರಲ್ಲಿ ಗೋಡೆಗೆ ಸಿಮೆಂಟಿನ ಗಾರೆ ಹಾಕಿಸಲಾಯಿತು. ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ನೋಡಿದರೆ ಗಾರೆಯ ಹಿಂದಿನ ಇಟ್ಟಿಗೆಗಳು ತೇವದಿಂದ ಕರಗತೊಡಗಿದ್ದವು. ಕೊನೆಗೆ ಸಿಮೆಂಟನ್ನು ಕೆತ್ತಿ ತೆಗೆದು ಮತ್ತೆ ಮಣ್ಣನ್ನೇ ಮೆತ್ತಿದರು. ಅಂದಿನಿಂದ ಪ್ರತಿವರ್ಷ ಬೇಸಗೆಯಲ್ಲಿ ಊರವರು ಕೂಡಿ ಗೋಡೆಯನ್ನು ಸರಿಮಾಡುತ್ತಾರೆ. ಆ ಊರಿನ ಮಳೆ ಕುಂದಾಪುರದ ಹತ್ತರಲ್ಲಿ ಒಂದು ಭಾಗವೂ ಇಲ್ಲ. ಅಲ್ಲಿಯೇ ಹೀಗಾದರೆ ಇಲ್ಲಿಯ ಗೋಡೆಗಳ ಪಾಡು ಊಹಿಸಬಹುದು.

ಬದಲಿಸುವ ಬಗೆ

ಹಳೆಮನೆಯ ಹೊರಹೊದಿಕೆಯನ್ನು ಬದಲಿಸಲು ಹೊರಟವರು ಮೊದಲು ನೋಡಬೇಕಾದದ್ದು ಗೋಡೆಯನ್ನಲ್ಲ, ನೀರಿನ ದಾರಿಯನ್ನು. ಒಡೆದ ಹಂಚು, ಮುರಿದ ದಂಬೆ, ಏರಿದ ಅಂಗಳ, ಗೋಡೆಗೆ ತಾಗಿ ಬೆಳೆದ ಗಿಡ ಇವುಗಳನ್ನು ಸರಿಪಡಿಸದೆ ಯಾವ ಗಾರೆ ಹಾಕಿದರೂ ವ್ಯರ್ಥ. ಮಾಡಿನ ಅಂಚನ್ನು ಎರಡಡಿ ಮುಂದಕ್ಕೆ ಚಾಚಿದರೆ ಅರ್ಧ ಸಮಸ್ಯೆ ಅಲ್ಲಿಯೇ ತೀರುತ್ತದೆ. ಗೋಡೆಯ ಬುಡದಲ್ಲಿ ಒಂದು ಮಾರು ಅಗಲಕ್ಕೆ ಇಂಟರ್‌ಲಾಕ್ ಕಿತ್ತು ಜಲ್ಲಿ ತುಂಬಿಸಿದರೆ ಸಿಡಿಯುವ ನೀರು ಅಲ್ಲಿಯೇ ಇಂಗುತ್ತದೆ.

ಕೆಲಸಕ್ಕೆ ತಕ್ಕ ಕಾಲ ಡಿಸೆಂಬರಿನಿಂದ ಮಾರ್ಚ್. ಗೋಡೆಯನ್ನು ಬಡಿದು ನೋಡಿ, ಟೊಳ್ಳಾದಲ್ಲಿ ಮಾತ್ರ ಸಿಮೆಂಟನ್ನು ಬಿಡಿಸಬೇಕು. ಗಟ್ಟಿಯಾಗಿ ಕಚ್ಚಿಕೊಂಡಿರುವ ಕಡೆ ಸುತ್ತಿಗೆ ಹಾಕಿದರೆ ಗಾರೆಯ ಜತೆಗೆ ಕಲ್ಲಿನ ಮುಖವೂ ಕಿತ್ತುಬರುತ್ತದೆ. ಅದು ತಾನಾಗಿ ಸಡಿಲವಾಗುವವರೆಗೆ ಕಾಯುವುದೇ ಲೇಸು. ಗೋಡೆಯ ಕೆಳಭಾಗದಿಂದ ಪ್ರಾರಂಭಿಸುವುದು ಒಳ್ಳೆಯದು, ಏಕೆಂದರೆ ತೇವ ಹೆಚ್ಚಿರುವುದು ಅಲ್ಲಿ. ಬರಿದಾದ ಗೋಡೆಯನ್ನು ಕೂಡಲೇ ಮುಚ್ಚದೆ ಕೆಲವು ವಾರ ಬಿಸಿಲು ಗಾಳಿಗೆ ಬಿಡಬೇಕು. ಮೇಲೆ ಬಿಳಿಯ ಉಪ್ಪು ಅರಳಿದರೆ ಒಣ ಬ್ರಶ್ಶಿನಿಂದ ಗುಡಿಸಬೇಕೇ ಹೊರತು ನೀರು ಹಾಕಿ ತೊಳೆಯಬಾರದು. ತೊಳೆದರೆ ಉಪ್ಪು ಮತ್ತೆ ಒಳಗೆ ಹೋಗುತ್ತದೆ.

ಗುಂಡಿಗಳಿಗೆ ಕಲ್ಲಿನ ಚೂರು ಮತ್ತು ಸುಣ್ಣದ ಗಾರೆ ತುಂಬಿದ ಮೇಲೆ ಹೊಸ ಲೇಪ. ಒಂದು ಪಾಲು ಅರಳಿದ ಸುಣ್ಣಕ್ಕೆ ಮೂರು ಪಾಲು ಹೊಳೆಮರಳು ಸಾಮಾನ್ಯ ಲೆಕ್ಕ. ಉಪ್ಪಿರುವ ಕಡಲ ಮರಳು ಬೇಡ. ಮರಳಿನ ಒಂದಂಶದ ಬದಲಿಗೆ ಒಡೆದ ಹಂಚಿನ ನುಣ್ಣನೆಯ ಪುಡಿ ಸೇರಿಸಿದರೆ ತೇವದ ಹವೆಯಲ್ಲಿಯೂ ಗಾರೆ ಬೇಗ ಬಿಗಿಯುತ್ತದೆ. ಹಂಚಿನ ಊರಾದ ಕುಂದಾಪುರದಲ್ಲಿ ಅದಕ್ಕೆ ಬರವಿಲ್ಲ. ಅರ್ಧ ಅಂಗುಲ ಮೀರದಂತೆ ಎರಡು ಮೂರು ಪದರಗಳಲ್ಲಿ ಬಳಿದು, ಒಂದು ಪದರ ಬಿಗಿದ ಮೇಲೆಯೇ ಇನ್ನೊಂದನ್ನು ಹಾಕಬೇಕು. ವಾರಗಟ್ಟಲೆ ಒದ್ದೆ ಗೋಣಿಯ ನೆರಳು ಕೊಟ್ಟು ನಿಧಾನವಾಗಿ ಒಣಗಿಸಬೇಕು. ಸುಟ್ಟ ಸುಣ್ಣ ಅರಳಿಸುವಾಗ ಕಣ್ಣಿಗೆ, ಕೈಗೆ ಸಿಡಿಯದಂತೆ ಎಚ್ಚರ ಅಗತ್ಯ. ಮಣ್ಣಿನ ಗೋಡೆಯಾದರೆ ಸುಣ್ಣಕ್ಕಿಂತ ಮೊದಲು ಹುಲ್ಲು ಅಥವಾ ಉಮಿ ಕಲಸಿದ ಅದೇ ಮಣ್ಣಿನ ಸಾರಣೆ ಬೇಕು. ಕೊನೆಯ ಬಳಿಕೆ ಸುಣ್ಣದ ನೀರಿನದೇ ಆಗಿರಬೇಕು. ಪ್ಲಾಸ್ಟಿಕ್ ಬಣ್ಣ ಬಳಿದರೆ ಪಟ್ಟ ಶ್ರಮವೆಲ್ಲ ನೀರುಪಾಲು.

ಒಳ್ಳೆಯ ಮುರಕಲ್ಲಿನ ಗೋಡೆಗೆ, ಮಾಡಿನ ನೆರಳು ಸಾಕಷ್ಟಿದ್ದರೆ, ಲೇಪವೇ ಬೇಡದಿರಬಹುದು. ಕೇರಳದಲ್ಲಿ ಬಹುಕಾಲ ಮನೆ ಕಟ್ಟಿದ ಲಾರಿ ಬೇಕರ್ ಗೋಡೆಯನ್ನು ಗಾರೆಯಿಂದ ಮುಚ್ಚುವುದು ಎಷ್ಟೋ ವೇಳೆ ಅನಗತ್ಯ ಖರ್ಚು ಎಂದೇ ವಾದಿಸುತ್ತಿದ್ದರು.

ಬೀಗ ಹಾಕಿದ ಮನೆಗೆ ಯಾರು?

ಇಷ್ಟೆಲ್ಲ ಹೇಳಿದರೂ ಮನೆಯವರ ಮುಂದಿರುವ ಕಷ್ಟ ಸುಳ್ಳಲ್ಲ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಗಳು ಬೆರಳೆಣಿಕೆಯಷ್ಟು. ತೆಂಗಿನ ಮರ ಹತ್ತುವವರೇ ಸಿಗದಿರುವಾಗ ಮಡಲು ಹೆಣೆಯುವವರು ಎಲ್ಲಿಂದ ಬರಬೇಕು? ಮೂಲಮನೆಗೆ ಹತ್ತಿಪ್ಪತ್ತು ಪಾಲುದಾರರು. ಒಬ್ಬರು ಮುಂಬಯಿಯಲ್ಲಿ, ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಕೊಲ್ಲಿ ದೇಶದಲ್ಲಿ. ದೈವದ ಕೋಲಕ್ಕೋ ನಾಗನ ತನುವಿಗೋ ಎಲ್ಲರೂ ಬಂದು ಸೇರಿದಾಗ ಗೋಡೆಯ ಮಾತು ಏಳುತ್ತದೆ. ಎಲ್ಲರಿಗೂ ಬೇಗ ಒಪ್ಪಿಗೆಯಾಗುವುದು ‘ಒಮ್ಮೆ ಸಿಮೆಂಟು ಹಾಕಿಬಿಡುವ’ ಎಂಬ ತೀರ್ಮಾನ. ಅದು ಒಂದೇ ಸಲದ ಖರ್ಚು, ಪಾಲು ಹಾಕಲು ಸುಲಭ. ಪ್ರತಿವರ್ಷದ ಆರೈಕೆಯನ್ನು ಪಾಲು ಹಾಕುವುದು ಹೇಗೆ?

ಈ ಪ್ರಶ್ನೆಗೆ ಕೆಲವು ಮನೆಗಳು ತಮ್ಮದೇ ಉತ್ತರ ಕಂಡುಕೊಂಡಿವೆ. ಪಡುವಣ ಗೋಡೆಯ ಮುಂದೆ ಕಬ್ಬಿಣದ ಕಂಬ ನೆಟ್ಟು ತಗಡಿನ ಶೀಟು ಇಳಿಬಿಡುತ್ತಾರೆ. ನೋಡಲು ಚೆಂದವಲ್ಲ ಎಂದು ಇದನ್ನು ಹಳಿಯುವವರಿದ್ದಾರೆ. ಆದರೆ ಗೋಡೆಗೂ ಶೀಟಿಗೂ ನಡುವೆ ಒಂದಡಿ ಜಾಗ ಬಿಟ್ಟು, ಮೇಲೆ ಕೆಳಗೆ ಗಾಳಿಯಾಡುವಂತೆ ಮಾಡಿದರೆ ಅದು ಮಡಲಿನ ತಟ್ಟಿಯ ನೇರ ವಾರಸುದಾರ. ಗೋಡೆಗೆ ಮೊಳೆ ಹೊಡೆದು ಅಂಟಿಸಿದರೆ ಮಾತ್ರ ಅದೂ ಸಿಮೆಂಟಿನ ಜಾತಿಗೆ ಸೇರುತ್ತದೆ. ನೀಲಿ ಟಾರ್ಪಾಲನ್ನು ಗೋಡೆಗೆ ಒತ್ತಿ ಕಟ್ಟುವುದೂ ಅಷ್ಟೆ. ಮಳೆ ಮುಗಿದ ಮೇಲೆ ಬಿಚ್ಚಿಡಬಹುದಾದ, ಗೋಡೆಯನ್ನು ಮುಟ್ಟದ ಹೊದಿಕೆ ಯಾವ ವಸ್ತುವಿನದಾದರೂ ಆಗಬಹುದು. ಗೋಡೆಗೆ ಅದರಿಂದ ನಷ್ಟವಿಲ್ಲ.

ಕುಂದಾಪುರ ಕಡೆಯ ಹರ್ಕೂರಿನ ಒಂದು ಹಳೆಯ ಮನೆ ಇಂದು ಮಣಿಪಾಲದಲ್ಲಿದೆ. ವಿಜಯನಾಥ ಶೆಣೈ ಅವರು ಇಂಥ ಹಲವು ಮನೆಗಳನ್ನು ಬಿಚ್ಚಿಸಿ ತಂದು, ಹಸ್ತಶಿಲ್ಪ ಟ್ರಸ್ಟಿನ ಪಾರಂಪರಿಕ ಗ್ರಾಮದಲ್ಲಿ ಮರಳಿ ನಿಲ್ಲಿಸಿದರು. ಶೆಣೈಯವರು 2017ರಲ್ಲಿ ತೀರಿಕೊಂಡರು. ಮನೆಗಳು ಉಳಿದಿವೆ, ಜನ ಟಿಕೇಟು ಕೊಂಡು ನೋಡುತ್ತಾರೆ. ಆದರೆ ಊರಿನ ಎಲ್ಲ ಮನೆಗಳನ್ನೂ ಮಣಿಪಾಲಕ್ಕೆ ಒಯ್ಯಲಾಗದು. ಬಾರಕೂರು, ಕೋಟ, ಹಾಲಾಡಿ, ಬೈಂದೂರಿನ ಒಳಗಿನ ಹಳ್ಳಿಗಳಲ್ಲಿ ಹೆಸರಿಲ್ಲದ ಎಷ್ಟೋ ಮನೆಗಳು ಇನ್ನೂ ನಿಂತಿವೆ. ಅವುಗಳಲ್ಲ ಕೆಲವದರಲ್ಲಿ ವಯಸ್ಸಾದ ಒಬ್ಬಿಬ್ಬರು ಸಂಜೆ ದೀಪ ಹಚ್ಚುತ್ತಾರೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಕಟ್ಟುವ ಕಷ್ಟವನ್ನಷ್ಟೇ ಹೇಳಿತು. ಕಟ್ಟಿದ್ದನ್ನು ಉಳಿಸಿಕೊಳ್ಳುವ ಕೆಲಸ ಹಿಂದೆ ವರ್ಷದ ದಿನಚರಿಯೊಳಗೇ ಸೇರಿಹೋಗಿದ್ದರಿಂದ ಅದಕ್ಕೆ ಬೇರೆ ಗಾದೆ ಬೇಕಾಗಿರಲಿಲ್ಲವೇನೋ. ಈಗ ಆ ಕೆಲಸವನ್ನು ಯಾರಾದರೂ ತಮ್ಮದೆಂದು ಒಪ್ಪಿಕೊಳ್ಳಬೇಕಾಗಿದೆ. ಮೂಲಮನೆಯ ಪಾಲುದಾರರು ಒಮ್ಮೆ ಸಿಮೆಂಟಿಗೆ ಹಾಕುವ ಹಣವನ್ನು ಬ್ಯಾಂಕಿನಲ್ಲಿಟ್ಟು, ಅದರ ಬಡ್ಡಿಯಲ್ಲಿ ಪ್ರತಿ ಮೇ ತಿಂಗಳು ಇಬ್ಬರು ಆಳುಗಳಿಂದ ಹಂಚು ಸರಿಮಾಡಿಸಿ, ಸುಣ್ಣ ಬಳಿಸಿ, ತಟ್ಟಿಯನ್ನೋ ಶೀಟನ್ನೋ ಕಟ್ಟಿಸಿದರೆ ಗೋಡೆಗೆ ಅದು ಹೆಚ್ಚು ಹಿತ. ಅದಕ್ಕೆ ಊರಿನಲ್ಲಿರುವ ಒಬ್ಬರ ಮೇಲ್ವಿಚಾರಣೆ ಬೇಕು, ದೂರದಲ್ಲಿರುವವರ ಸಮ್ಮತಿ ಬೇಕು. ಮಳೆಯಂತೂ ಯಾರ ಸಮ್ಮತಿಗೂ ಕಾಯದೆ ಜೂನಿನ ಮೊದಲ ವಾರ ಪಡುವಣ ಗೋಡೆಗೆ ಬಂದು ಹೊಡೆಯುತ್ತದೆ.